ಏಳನೇ ಪುಟದ ಬಿಸಿಲು

ಹೊಡೆದುಹಾಕಲೋ, ಬಿಡಲೋ? ಹೊಡೆದರೆ ಮತ್ತೆ ಅದೇ ಥ್ಯಾಂಕ್ಸ್, ಅದೇ ನಗು. ಬಿಟ್ಟರೆ ಒಂದು ಸಲವಾದರೂ ಇವರ ಕೆಲಸ ಇವರ ಮುಖಕ್ಕೇ ಬಂದು ಬಡಿಯುತ್ತದೆ. ಹಾಗಂತ ಗೊತ್ತಿದ್ದೂ ಬಿಡುವುದು ಸರಿಯೆ? ಸರಿ ತಪ್ಪು ಯೋಚಿಸುವ ಗುತ್ತಿಗೆಯನ್ನು ಈ ಕಚೇರಿಯಲ್ಲಿ ನಾನೊಬ್ಬನೇ ಹಿಡಿದಿದ್ದೇನೆಯೆ?

ತೋಂಟದಾರ್ಯ ಕೆಂಪು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಅವನ ಮುಂದಿದ್ದದ್ದು ಏಳನೇ ಪುಟ. ಅದರ ನಡುವೆ ಹೀಗೊಂದು ವಾಕ್ಯವಿತ್ತು: 'ನಮ್ಮ ಸದಸ್ಯರು ತೆಂಗಿನಕಾಯಿಗಳನ್ನು ಕಿತ್ತ ಕೂಡಲೇ ಎರಡು ಹೋಳಾಗಿ ಒಡೆದು, ಸ್ವಚ್ಛವಾದ ಸಿಮೆಂಟ್ ಕಣದ ಮೇಲೆ ಐದರಿಂದ ಏಳು ದಿನ ಬಿಸಿಲಿನಲ್ಲಿ ಒಣಗಿಸಿ ಉತ್ಕೃಷ್ಟ ಕೊಬ್ಬರಿಯನ್ನು ತಯಾರಿಸುತ್ತಾರೆ.'

ಕಾಗುಣಿತ ಸರಿಯಾಗಿತ್ತು. ವಿಭಕ್ತಿ ಸರಿಯಾಗಿತ್ತು. ತಿಪಟೂರು ಸೀಮೆಯಲ್ಲಿ ಹಾಗೆ ಕೊಬ್ಬರಿ ಮಾಡುವ ಒಂದೇ ಒಂದು ಮನೆ ಇಲ್ಲ ಎನ್ನುವುದನ್ನು ಬಿಟ್ಟರೆ ಆ ವಾಕ್ಯಕ್ಕೆ ಯಾವ ಕುಂದೂ ಇರಲಿಲ್ಲ.

ಇಲ್ಲಿ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಹತ್ತು ತಿಂಗಳು, ಹನ್ನೊಂದು ತಿಂಗಳು ಅದು ಕತ್ತಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ತಾನಾಗಿ ಹಿಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ಗಟಗಟ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪನ್ನಷ್ಟೇ ಎಬ್ಬಿಸಿ, ಉಂಡೆಗೆ ಒಂದು ಗೀರೂ ಬೀಳದಂತೆ ತೆಗೆಯುತ್ತಾರೆ. ಹೋಳು ಮಾಡಿ ಬಿಸಿಲಿಗೆ ಹಾಕುವುದು ಘಟ್ಟದಾಚೆಯವರ ಪದ್ಧತಿ. ಇಲ್ಲಿ ಯಾವಳಾದರೂ ಸೊಸೆ ಹಾಗೆ ಮಾಡಿದರೆ ಅವಳ ತವರಿನ ತನಕ ಸುದ್ದಿ ಹೋಗುತ್ತದೆ.

ಇದನ್ನು ಬರೆದ ಎಐಗೆ ಸೊಸೆಯೂ ಇಲ್ಲ, ತವರೂ ಇಲ್ಲ.

ನೊಣವಿನಕೆರೆ ರಸ್ತೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ ತೆಂಗು ಬೆಳೆಗಾರರ ಕಂಪನಿ ಅದು. ವ್ಯವಸ್ಥಾಪಕ ಕಾಂತೇಶ್, ಚಿಕ್ಕನಾಯಕನಹಳ್ಳಿಯವನು, ಎಂಬಿಎ ಓದಿದವನು, ವಾರಕ್ಕೊಂದು ಹೊಸ ಉಪಾಯವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬರುವವನು. ಉತ್ತರದ ಕಡೆಯ ದೊಡ್ಡ ಸಿಹಿತಿಂಡಿ ವ್ಯಾಪಾರಿಯೊಬ್ಬ, ಪ್ರಮಾಣಪತ್ರವಿರುವ ಮನೆಗಳಿಂದ ನೇರವಾಗಿ ಕೊಬ್ಬರಿ ಕೊಳ್ಳುತ್ತೇನೆ ಎಂದಿದ್ದ. ಪ್ರಮಾಣಪತ್ರ ಬೇಕೆಂದರೆ ಕೊಬ್ಬರಿ ಮಾಡುವ ಕ್ರಮವನ್ನು ವಿವರಿಸುವ ದಾಖಲೆ ಬೇಕು. 'ನಾನು ಈ ಕ್ರಮದಂತೆಯೇ ಮಾಡುತ್ತೇನೆ' ಎಂದು ಪ್ರತಿ ಮನೆಯವರ ಸಹಿ ಬೇಕು. ಅದನ್ನು ಹಿಡಿದು ತಪಾಸಣಾಧಿಕಾರಿ ಮನೆ ನೋಡಿ ಹೋಗಬೇಕು.

ಆ ದಾಖಲೆಯನ್ನು ತೋಂಟದಾರ್ಯ ಬರೆದಿದ್ದ. ಕನ್ನಡ ಎಂಎ ಮಾಡಿ, ಎರಡು ಕಾಲೇಜುಗಳಲ್ಲಿ ಅತಿಥಿಯಾಗಿ ಪಾಠ ಹೇಳಿ, ಅತಿಥಿಯಾಗಿಯೇ ಹೊರಬಿದ್ದು ಇಲ್ಲಿ ಸೇರಿದವನು ಅವನು. ಮೂರು ತಿಂಗಳು ಅರವತ್ತು ಅಟ್ಟ ಹತ್ತಿ ಇಳಿದು ಹದಿನಾಲ್ಕು ಪುಟ ಬರೆದಿದ್ದ. ಯಾವ ಮನೆಯಲ್ಲಿ ಅಟ್ಟಕ್ಕೆ ಬಿದಿರು, ಯಾವ ಮನೆಯಲ್ಲಿ ಅಡಿಕೆ ದಬ್ಬೆ, ಅಟ್ಟದ ಮೌನ ಎಂಥದ್ದು, ಎಲ್ಲವೂ ಅದರಲ್ಲಿತ್ತು.

"ಸಖತ್ತಾಗೈತೆ," ಎಂದಿದ್ದ ಕಾಂತೇಶ್, ಎರಡನೇ ಪುಟದಲ್ಲೇ ನಿಂತು. "ಆದ್ರೆ ಉದ್ದ ಆಯ್ತು. ಮೌನ ಗೀನ ಎಲ್ಲ ಯಾಕ್ರೀ? ಆಡಿಟ್‌ನೋರು ಅಳ್ತಾರಾ ಇದನ್ನ ಓದ್ಕೊಂಡು? ಇರಿ, ಎಐಗೆ ಕೊಡಣ."

ಕೊಟ್ಟರು. ಅದು ಟೀ ಆರುವಷ್ಟರಲ್ಲಿ ಮೂವತ್ತು ಪುಟ ಉಗುಳಿತು. ಹದಿನಾಲ್ಕು ಪುಟಕ್ಕೆ ಉದ್ದವಾಯಿತು ಅಂದವನು ಮೂವತ್ತು ಪುಟವನ್ನು ಕೈಯಲ್ಲಿ ತೂಗಿ ನೋಡಿ, "ನೋಡಿದ್ರಾ ವೆಯ್ಟು!" ಎಂದ. ತೋಂಟದಾರ್ಯನ ಹಾಳೆಗಳ ಹಿಂಬದಿ ಖಾಲಿ ಇದ್ದದ್ದರಿಂದ ಕಂಪ್ಯೂಟರಿನ ಭಾನುಪ್ರಿಯಾ ಅವುಗಳ ಮೇಲೆ ತುಮಕೂರು ಬಸ್ಸಿನ ವೇಳೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದಳು. ಅವಳಲ್ಲಿ ದ್ವೇಷವಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಈಗ ಅವನ ಕೆಲಸ, ಯಂತ್ರದ ಎಂಜಲಿನಲ್ಲಿ ಕಲ್ಲು ಆರಿಸುವುದು. ಎರಡನೇ ಪುಟದಲ್ಲಿ 'ತಿಪಟೂರಿನ ಕಡಲ ತಂಗಾಳಿಗೆ ತೂಗುವ ತೆಂಗು' ಎಂದಿತ್ತು. ಅವನು ಅದರ ಸುತ್ತ ಕೆಂಪು ಗೆರೆ ಎಳೆದು ಕಾಂತೇಶನ ಮೇಜಿನ ಮೇಲೆ ಇಟ್ಟ. ಈಗ ನಾಚುತ್ತಾನೆ, ಈಗ ನಾಚುತ್ತಾನೆ ಎಂದು ನಿಂತು ಕಾದ.

ಕಾಂತೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಇದ್ರ ಮನೆ ಕಾಯ್ವೋಗ! ಸಮುದ್ರಾನೇ ತಂದ್ಬುಟ್ಟೈತಲ್ರೀ ನಮ್ಮೂರಿಗೆ. ಭಾನು, ಇಲ್ ನೋಡು ಬಾ, ಸಾಯಂಕಾಲ ಬೀಚಿಗೆ ಹೋಗಣ."

"ಸಮುದ್ರ ತೆಗ್ದೆ ಸಾರ್," ಎಂದಳು ಭಾನುಪ್ರಿಯಾ, ಒಂದು ಗುಂಡಿ ಒತ್ತಿ.

"ಥ್ಯಾಂಕ್ಸ್ ಕಣ್ರೀ ತೋಂಟದಾರ್ಯ. ಅದಕ್ಕೇ ಅಲ್ವಾ ನೀವಿರೋದು?"

ನಾಲ್ಕನೇ ಪುಟದಲ್ಲಿ ಚಿಕ್ಕನಾಯಕನಹಳ್ಳಿಯ ಒಣಗುಡ್ಡಗಳ ಮೇಲೆ ಮಂಜು ಸುರಿದಿತ್ತು. ಐದನೆಯದರಲ್ಲಿ ಅರಳಗುಪ್ಪೆ ಒಂದು ಬಂದರಾಗಿತ್ತು. ಒಂದೊಂದಕ್ಕೂ ಅದೇ ನಗು, ಅದೇ ಥ್ಯಾಂಕ್ಸ್. ಅವಮಾನ ಕೂರಬೇಕೆಂದರೆ ಅದಕ್ಕೊಂದು ಮುಖ ಬೇಕು. ಯಂತ್ರಕ್ಕೆ ಮುಖವಿಲ್ಲ, ಕಾಂತೇಶನಿಗೆ ಇದ್ದೂ ಅದರ ಮೇಲೆ ಏನೂ ಕೂರುವುದಿಲ್ಲ. ತಪ್ಪು ಹುಡುಕಿ ಕೊಟ್ಟಷ್ಟೂ ಆ ಗಲೀಜು ಚೊಕ್ಕವಾಗುತ್ತದೆ, ಇವರ ಜಾಣತನ ದೊಡ್ಡದಾಗುತ್ತದೆ. ತೋಂಟದಾರ್ಯನಿಗೆ ಅನ್ನಿಸಿತು: ನಾನು ಇವರ ಕೊಳಕು ಒರೆಸುವ ಬಟ್ಟೆ.

ಸೋಮವಾರ ತಪಾಸಣಾಧಿಕಾರಿ ಬರುವುದಿತ್ತು. ಮೊದಲು ಕಚೇರಿಗೆ ಬರುತ್ತಾನೆ, ದಾಖಲೆ ಓದುತ್ತಾನೆ, ಏಳನೇ ಪುಟಕ್ಕೆ ಬಂದಾಗ ಕಣ್ಣೆತ್ತಿ ಕಾಂತೇಶನನ್ನು ನೋಡುತ್ತಾನೆ. 'ಏನ್ರೀ ಇದು? ತಿಪಟೂರಲ್ಲಿ ಕೂತು ಇದನ್ನು ಬರೆದವನು ಯಾವ ಗೂಬೆ?' ಎನ್ನುತ್ತಾನೆ. ಆ ಒಂದು ಗಳಿಗೆ ಸಾಕು. ಆಮೇಲೆ ಕಾಗದ ವಾಪಸು ಬರುತ್ತದೆ, ಬೇರೆ ಬರೆದರಾಯಿತು. ಯಾರಿಗೂ ನಷ್ಟವಿಲ್ಲ.

ಅವನು ಪೆನ್ನಿನ ಮುಚ್ಚಳ ಹಾಕಿದ. ಎಂಟನೇ ಪುಟದಲ್ಲಿ ಎರಡು ಅಲ್ಪಪ್ರಾಣ ತಿದ್ದಿದ. ಕೊನೆಯ ಪುಟದಲ್ಲಿ 'ಪರಿಶೀಲಿಸಿದವರು' ಎಂದಿದ್ದ ಕಡೆ ಸಹಿ ಹಾಕಿದ. ಅವನ ಸಹಿ ಚೆನ್ನಾಗಿತ್ತು.

*

ಶನಿವಾರ ಸಂಜೆ ಅವನು ಸಹಿ ಹಾಕಿಸುವ ಕಾಗದಗಳನ್ನು ಹಿಡಿದು ಅತ್ತೆಯ ಮನೆಗೆ ಹೋದ. ಗುರುಶಾಂತಮ್ಮ ಅವನ ಅಪ್ಪನ ತಂಗಿ. ಗಂಡ ಹೋಗಿ ನಾಲ್ಕು ವರ್ಷ. ತೋಟ ಅವಳೇ ನೋಡುತ್ತಿದ್ದಳು, ಅಟ್ಟ ಅವಳೇ ತುಂಬಿಸುತ್ತಿದ್ದಳು. ಕೊಬ್ಬರಿ ಮಾತ್ರ ಅವಳ ಭಾವ, ಗಂಡನ ಅಣ್ಣ ಶಂಭುಲಿಂಗಯ್ಯನ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತಿತ್ತು. ಹರಾಜಿನಲ್ಲಿ ಅವಳ ಕೊಬ್ಬರಿಯನ್ನು ಜನ ಕೈಯಲ್ಲಿ ಹಿಡಿದು 'ಶಂಭಣ್ಣನ ಮಾಲು ಅಂದ್ರೆ ಮಾಲು' ಎನ್ನುತ್ತಿದ್ದರಂತೆ. ಶಂಭಣ್ಣ ಮೀಸೆ ತಿರುವುತ್ತಿದ್ದನಂತೆ.

ಈ ಯುಗಾದಿಗೆ ಅವಳು, ನನ್ನ ಅಟ್ಟ ನನ್ನ ಹೆಸರಿನಲ್ಲೇ ಹೋಗಲಿ ಎಂದಿದ್ದಳು. ಊರ ಹಿರಿಯರ ಮುಂದೆ ಶಂಭುಲಿಂಗಯ್ಯ, "ಆಯ್ತು ಕಣಮ್ಮ. ಆ ಕಂಪ್ನಿ ಸರ್ಟಿಫಿಕೇಟ್ ನಿನ್ ಹೆಸ್ರಿಗೆ ಬಂದ್ರೆ ನಾನು ಆ ಕಡೆ ತಲೆ ಹಾಕಲ್ಲ. ಬರ್ನಿಲ್ಲ ಅಂದ್ರೆ ನಿನ್ ಅಟ್ಟ ನನ್ ಅಟ್ಟದ ಲೆಕ್ಕಕ್ಕೇ. ಆಮೇಲೆ ಮಾತಿಲ್ಲ," ಎಂದಿದ್ದ. ಅವಳೂ ಒಪ್ಪಿದ್ದಳು. ಅವಳ ಅಟ್ಟವನ್ನು ನೋಡಿದ ಯಾವನೂ ಪ್ರಮಾಣಪತ್ರ ಕೊಡದೆ ಹೋಗಲಾರ ಎಂಬ ಧೈರ್ಯ.

"ಬಾ ಮಗ, ಮೇಲಕ್ ಬಾ," ಎಂದು ಅವಳು ಏಣಿಯ ಮೇಲಿಂದಲೇ ಕರೆದಳು. ಅಟ್ಟದಲ್ಲಿ ಒಣಸಿಪ್ಪೆಯ ವಾಸನೆ. ಒಂದು ಕಾಯಿ ತೆಗೆದು ತನ್ನ ಕಿವಿಗೆ ಹಿಡಿದಳು, ಅವನ ಕಿವಿಗೂ ಹಿಡಿದಳು.

"ಏನಂತೈತೆ?"

"ಗಟಗಟ ಅಂತೈತೆ."

"ಅದು ಗಟಗಟ ಅನ್ನಲ್ಲ ಕಣ್ಲಾ, ಗುರುಶಾಂತಮ್ಮ ಗುರುಶಾಂತಮ್ಮ ಅಂತೈತೆ!" ಅರವತ್ತರ ಹೆಂಗಸು ಹುಡುಗಿಯಂತೆ ನಕ್ಕಳು. "ಇನ್ನೊಂದು ತಿಂಗ್ಳಿಗೆ ಸುಲಿಯೋದೇ. ಸೋಮ್ವಾರ ನೋಡಕ್ ಬಂದೋನ್ ಕಿವಿಗೆ ಇದನ್ನ ಹಿಡಿದ್ರೆ ಸಾಕು, ಅಲ್ಲೇ ಸೈನ್ ಹಾಕ್ತಾನೆ. ಎಲ್ಲಿ, ನಾನ್ ಎಲ್ಲಿ ಹಾಕ್ಬೇಕು?"

ಅವನು ಕಾಗದ ಚಾಚಿದ. ಏಳನೇ ಪುಟದ ಪ್ರತಿ, ಅದರ ಕೆಳಗೇ ಸಹಿಯ ಗೆರೆ. ಅವಳು ಕನ್ನಡಕಕ್ಕೆ ಸೆರಗಿನ ಗಂಟು ತಡಕಿದಳು. ಅದು ಕೆಳಗೆ ದೇವರ ಗೂಡಿನಲ್ಲಿತ್ತು.

"ನೀನ್ ನೋಡಿದೀಯ ತಾನೆ?"

"ನೋಡಿದೀನಿ."

"ಸರಿ ಐತಾ?"

ಅವನು ಮಾತಾಡಲಿಲ್ಲ. ಅವನಿಗೆ ಮೌನ ಎಂದರೆ ಇಷ್ಟ. ಮಾತಿಗಿಂತ ಅದು ಸಭ್ಯವಾದದ್ದು, ಅದರಲ್ಲಿ ಸುಳ್ಳಿಗೆ ಜಾಗವಿಲ್ಲ ಎಂದು ಅವನು ಎಷ್ಟೋ ಸಲ ಡೈರಿಯಲ್ಲಿ ಬರೆದುಕೊಂಡಿದ್ದ. ಅತ್ತೆ ಆ ಮೌನವನ್ನು ಹೌದು ಎಂದು ತೆಗೆದುಕೊಂಡಳು.

"ಎಂಎ ಓದಿರೋನು ಓದಿದ್ಮೇಲೆ ನಾನೇನ್ ಓದೋದು ಬುಡು," ಎಂದು ಒಂದು ತೆಂಗಿನಕಾಯಿಯ ಮೇಲೆ ಕಾಗದವಿಟ್ಟು, ಅಕ್ಷರಕ್ಕೊಂದು ಉಸಿರು ಬಿಡುತ್ತ ಬರೆದಳು: ಗುರುಶಾಂತಮ್ಮ.

ಅವನು ಕಾಗದ ಮಡಿಸಿಕೊಂಡು ಏಣಿ ಇಳಿದ. ಸೋಮವಾರ ಕಚೇರಿಯಲ್ಲೇ ಎಲ್ಲ ಬಗೆಹರಿಯುತ್ತದೆ, ಈ ಕಾಗದ ಅಲ್ಲೇ ಹರಿದು ಬೀಳುತ್ತದೆ, ಹೊಸದಕ್ಕೆ ಹೊಸ ಸಹಿ ಹಾಕಿಸಿದರಾಯಿತು ಎಂದುಕೊಂಡ. ಮನೆ ಮುಟ್ಟುವ ಹೊತ್ತಿಗೆ ಆ ಮಾತನ್ನು ಅವನು ಪೂರ್ತಿ ನಂಬಿದ್ದ.

*

ಸೋಮವಾರ ತಪಾಸಣಾಧಿಕಾರಿ ರಂಗನಾಥ್ ಕಚೇರಿಯ ಮೆಟ್ಟಿಲನ್ನೂ ಹತ್ತಲಿಲ್ಲ. "ಬಿಸಿಲೇರೋದ್ರೊಳಗೆ ಮನೆಗಳನ್ನೇ ನೋಡ್ಬುಡಣ. ಫೈಲ್ ಕೊಡಿ, ಅಲ್ಲೇ ಓದ್ತೀನಿ," ಎಂದು ಕಾರಿನ ಕಿಟಕಿಯಿಂದಲೇ ಕೈ ಚಾಚಿದ. ಪಟ್ಟಿಯಲ್ಲಿ ಮೊದಲ ಹೆಸರು ಗುರುಶಾಂತಮ್ಮನದು. ಚೆನ್ನಾಗಿರುವ ಅಟ್ಟ ಮೊದಲು ತೋರಿಸೋಣ ಎಂದು ಹಾಗೆ ಬರೆಸಿದವನು ತೋಂಟದಾರ್ಯನೇ.

ಅವಳು ಇಳಕಲ್ ಸೀರೆ ಉಟ್ಟು, ವಿಭೂತಿ ಇಟ್ಟು ಬಾಗಿಲಲ್ಲಿ ನಿಂತಿದ್ದಳು. ಜಗಲಿಯ ಮೇಲೆ ಶಂಭುಲಿಂಗಯ್ಯ, ತಾನೇನೋ ಆ ಕಡೆ ಹೋಗುತ್ತಿದ್ದವನಂತೆ ಕೂತಿದ್ದ. ರಂಗನಾಥ್ ಕಾಗದ ತಿರುವುತ್ತ ಅಂಗಳ ನೋಡಿದ, ಹಿತ್ತಿಲು ನೋಡಿದ.

"ಕಣ ಎಲ್ಲೈತೆ ತಾಯಿ?"

"ರಾಗಿ ಕಣಾನಾ ಸ್ವಾಮಿ?"

"ಕೊಬ್ಬರಿ ಒಣಗ್ಸೋ ಕಣ."

ಗುರುಶಾಂತಮ್ಮ ನಕ್ಕಳು. "ಕೊಬ್ರೀನ ಯಾರಾರ ಬಿಸ್ಲಿಗೆ ಹಾಕ್ತಾರಾ? ಅಟ್ಟಕ್ಕೆ ಬನ್ನಿ, ತೋರ್ಸ್ತೀನಿ."

"ನೀವೇ ಬರ್ಕೊಟ್ಟಿದೀರಲ್ಲ. ಕಾಯಿ ಕಿತ್ತ ಕೂಡಲೇ ಒಡೆದು ಏಳು ದಿನ ಬಿಸಿಲಿಗೆ ಹಾಕ್ತೀನಿ ಅಂತ. ಸಹಿ ನಿಮ್ದೇ ತಾನೆ?"

ಅವಳು ಕಾಗದ ನೋಡಿದಳು, ಆಮೇಲೆ ತೋಂಟದಾರ್ಯನನ್ನು ನೋಡಿದಳು. ಆ ನೋಟದಲ್ಲಿ ಅನುಮಾನವಿರಲಿಲ್ಲ, ಸಹಾಯ ಕೇಳುವುದಷ್ಟೇ ಇತ್ತು. ಅವನು ಅಂಗಳಕ್ಕೆ ನುಗ್ಗಿದ್ದ ಯಾರದೋ ಕೋಳಿಯನ್ನು ನೋಡುತ್ತಿದ್ದ.

"ಸಹಿ ನಂದೇ. ಆದ್ರೆ ಇಂಥಾ ಮಾತು ನಾನ್ಯಾಕ್ ಹೇಳ್ಲಿ ಸ್ವಾಮಿ? ಇದು ಘಟ್ಟದ ಕೆಳಗ್ನೋರು ಮಾಡದು. ಒಂದ್ಸಲ ಮೇಲ್ ಬನ್ನಿ, ಒಂದ್ ಕಾಯಿ ಅಲ್ಲಾಡ್ಸಿ ನೋಡಿ."

"ಅಲ್ಲಾಡ್ಸೋದು ಬ್ಯಾಡ ತಾಯಿ. ನಾನೂ ತುರುವೇಕೆರೆಯೋನೇ. ನಮ್ಮವ್ವನೂ ಅಟ್ಟದಲ್ಲೇ ಮಾಡಿದ್ದು, ನಾನೂ ಅದನ್ನೇ ತಿಂದು ಬೆಳ್ದಿದ್ದು." ರಂಗನಾಥ್ ಕಾಗದವನ್ನು ಬೆರಳಿನಿಂದ ತಟ್ಟಿದ. "ಆದ್ರೆ ನಾನ್ ನೋಡಕ್ ಬಂದಿರೋದು ಕೊಬ್ಬರಿ ಅಲ್ಲ. ಕಾಗದದಾಗೆ ಇರೋದು ಮನೇಲೈತಾ, ಮನೇಲಿರೋದು ಕಾಗದದಾಗೈತಾ, ಅಷ್ಟೇ. ಇಲ್ಲಿ ಎರಡೂ ಇಲ್ಲ. ಸುಳ್ಳು ಹೇಳಿಕೆ ಅಂತ ಬರೀಬೇಕಾಯ್ತದೆ."

ಶಂಭುಲಿಂಗಯ್ಯ ಜಗಲಿಯಿಂದ ಎದ್ದ. "ಬುಡಿ ಸ್ವಾಮಿ, ಹೆಂಗ್ಸು. ಓದ್ದೆ ಸೈನ್ ಹಾಕಿರ್ತಾಳೆ," ಎಂದು ಬಹಳ ದಯೆಯಿಂದ ಹೇಳಿದ.

*

ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಕೂತರು. ತೋಂಟದಾರ್ಯ ಕಾದಿದ್ದ ಗಳಿಗೆ ಕೊನೆಗೂ ಬಂತು. ರಂಗನಾಥ್ ಏಳನೇ ಪುಟವನ್ನು ಕಾಂತೇಶನ ಮುಂದೆ ಹಾಕಿ, "ಏನ್ರೀ ಇದು?" ಎಂದ.

"ಅಯ್ಯೋ ಎಐ ಹಂಗ್ ಬರ್ದ್ಬುಟ್ಟೈತೆ ಸಾರ್," ಎಂದ ಕಾಂತೇಶ್. ಅಷ್ಟೇ. ಮುಖ ಕೆಂಪಾಗಲಿಲ್ಲ, ಬೆವರಲಿಲ್ಲ. ಮಳೆ ಬಂತು ಎಂದಂತೆ ಹೇಳಿದ. "ಕೇರಳದ್ದು ಎಲ್ಲೋ ಎತ್ಕೊಂಡೈತೆ ಅನ್ಸುತ್ತೆ. ಈಗ್ಲೇ ಚೇಂಜ್ ಮಾಡ್ಸ್ತೀನಿ. ಭಾನು!"

"ಬದಲಾಯ್ಸಿ. ಮಿಕ್ಕಿದ ಮನೆಯೋರ ಹತ್ರ ಹೊಸಾ ಕಾಗದದ ಮೇಲೆ ಸಹಿ ಹಾಕ್ಸಿ, ನಾಳೆ ನೋಡ್ತೀನಿ. ಆದ್ರೆ ಆ ತಾಯಿ ಮನೆ ನಾನ್ ನೋಡಿದ್ದಾಗೋಯ್ತು, ದಾಖಲಾಗೋಯ್ತು. ಇನ್ನು ಮುಂದಿನ ವರ್ಷವೇ." ರಂಗನಾಥ್ ತುಸು ಹೊತ್ತು ಪೆನ್ನು ಆಡಿಸಿದ. ಕಾಗದದ ಮನುಷ್ಯನಾದರೂ ಅವ್ವನ ಅಟ್ಟ ನೆನಪಾಗಿರಬೇಕು. "ಒಂದ್ ದಾರಿ ಐತೆ. ಸಹಿಗೆ ಮುಂಚೇನೇ ಇದು ತಪ್ಪು ಅಂತ ಕಂಪನಿಯೋರಿಗೆ ಗೊತ್ತಿತ್ತು, ಗೊತ್ತಿದ್ದೂ ಸಹಿ ಹಾಕ್ಸಿದ್ರು ಅಂತಾದ್ರೆ ಆಯಮ್ಮನ ಮೇಲೆ ಬರಲ್ಲ. ಅವ್ರ ಮನೇನ ಮತ್ತೆ ನೋಡಬೋದು. ಕಣ್ತಪ್ಪು ಅಂದ್ರೆ ಎಲ್ರದೂ ಕಣ್ತಪ್ಪು, ಅವ್ರದೂ ಸೇರಿ. ಪರಿಶೀಲಿಸಿದವರು ಯಾರು?"

ಕಾಂತೇಶ್ ತೋಂಟದಾರ್ಯನ ಕಡೆ ನೋಡಿದ. ರಂಗನಾಥ್ ನೋಡಿದ.

ಭಾನುಪ್ರಿಯಾ ನಡುವೆ ಬಾಯಿ ಹಾಕಿದಳು. "ಸಾರ್ ಎಲ್ಲ ಹಿಡೀತಾರೆ ಸಾರ್. ಸಮುದ್ರ ಹಿಡ್ದಿದ್ರು, ಮಂಜು ಹಿಡ್ದಿದ್ರು. ಅವ್ರು ಮನುಷ್ಯರಲ್ವಾ? ಇದೊಂದು ಬಿಟ್ಟೋಗಿರ್ತದೆ."

ತೋಂಟದಾರ್ಯ ಬಾಯಿ ತೆರೆದರೆ ಎರಡು ಮಾತು. ನೋಡಿದ್ದೆ, ಬಿಟ್ಟೆ. ಆ ಎರಡು ಮಾತಿಗೆ ಅತ್ತೆಯ ಅಟ್ಟ ಅವಳದಾಗೇ ಉಳಿಯುತ್ತಿತ್ತು. ಆದರೆ ಅವುಗಳ ಹಿಂದೆಯೇ ಮೂರನೆಯದೊಂದು ಪ್ರಶ್ನೆ ಬರುತ್ತಿತ್ತು: ಯಾಕೆ ಬಿಟ್ಟೆ? ಅದಕ್ಕೆ ಉತ್ತರ ಕೊಡಬೇಕಿತ್ತು, ಈ ಕಾಂತೇಶನ ಮುಂದೆ. ನಿನ್ನ ಮುಖ ಕಪ್ಪಾಗುವುದನ್ನು ನೋಡಬೇಕಿತ್ತು, ಅದಕ್ಕೆ ಬಿಟ್ಟೆ ಎನ್ನಬೇಕಿತ್ತು. ಮೂವತ್ತೆರಡು ವರ್ಷದ ಎಂಎ ಪದವೀಧರ, ಮೌನದ ಆರಾಧಕ, ಒಬ್ಬ ಎಂಬಿಎ ಹುಡುಗನಿಗೆ ಅವಮಾನವಾಗಲಿ ಎಂದು ತನ್ನ ಅತ್ತೆಯ ಕೈಯಲ್ಲಿ ಸುಳ್ಳಿಗೆ ರುಜು ಹಾಕಿಸಿದ್ದ. ಅಷ್ಟು ಸಣ್ಣವನು ತಾನು ಎಂದು ಅವನಿಗೆ ಈಗ ಗೊತ್ತಾಯಿತು. ಗೊತ್ತಾದದ್ದು ತನ್ನೊಬ್ಬನಿಗೇ ಇರಲಿ ಎನ್ನಿಸಿತು.

"ಕಣ್ತಪ್ಪಿತು," ಎಂದ.

ರಂಗನಾಥ್ ಬರೆದುಕೊಂಡ.

ಕಾಂತೇಶ್ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ. "ಬೇಜಾರ್ ಮಾಡ್ಕೋಬೇಡಿ ತೋಂಟದಾರ್ಯ. ಎಐನೂ ತಪ್ಪುತ್ತೆ, ನೀವೂ ತಪ್ತೀರ. ಏನ್ ಡಿಫರೆನ್ಸು? ಟೀ ಕುಡೀರಿ."

ಆ ಟೀಯನ್ನು ಅವನು ಕುಡಿದ.

*

ಸಂಜೆ ಅವನು ಅತ್ತೆಯ ಮನೆಗೆ ಹೋಗುವ ಹೊತ್ತಿಗೆ ಶಂಭುಲಿಂಗಯ್ಯ ಬಂದು ಹೋಗಿದ್ದ. ಅಟ್ಟದ ಬಾಗಿಲಿಗೆ ತನ್ನ ಮನೆಯ ಬೀಗ ಹಾಕಿಸಿ, 'ನೀನು ಯಾವಾಗ್ ಬೇಕಾದ್ರೂ ಕೇಳು ಕಣಮ್ಮ, ತೆಗ್ದು ಕೊಡ್ತೀನಿ' ಎಂದು ಹೇಳಿ ಹೋಗಿದ್ದನಂತೆ. ಗುರುಶಾಂತಮ್ಮ ಇಳಕಲ್ ಸೀರೆ ಮಡಿಸಿಟ್ಟು ಹಳೆಯದು ಉಟ್ಟು, ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

"ಕೂತ್ಕೊ. ಬೆಳಿಗ್ಗೆಯಿಂದ ಏನಾರ ತಿಂದಿದೀಯ?"

ಅವನು ಗೋಡೆಗೆ ಒರಗಿ ಕೂತ. ಅವಳು ತಟ್ಟೆಗೆ ಮುದ್ದೆ ಹಾಕಿ, ಹುರುಳಿ ಸಾರು ಬಿಟ್ಟು, ಮುಂದೆ ತಳ್ಳಿದಳು.

"ಆ ಕಾಂತೇಶಪ್ಪ ಫೋನ್ ಮಾಡಿದ್ದ. ನಿಂಗೆ ಬಾಳ ನೋವಾಗೈತೆ, ನೀವೇ ಸಮಾಧಾನ ಹೇಳಿ ಅಂದ. ಒಳ್ಳೇ ಹುಡ್ಗ ಕಣ್ಲಾ ಅವ್ನು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಒಲೆಯ ಹೊಗೆ ಇತ್ತು. "ಮೂವತ್ ಪುಟ ಅಂತೆ. ಪಾಪ, ಯಾರ್ ಕಣ್ಣಾದ್ರೂ ಸೋಲ್ತದೆ. ಆ ದರಿದ್ರದ ಮಿಷನ್ನು ಹಂಗೆ ಬರ್ದ್ರೆ ನೀನೇನ್ ಮಾಡ್ತೀಯ?"

ಅವನು ಮುದ್ದೆ ಮುರಿದ.

"ನಂಗ್ ಬ್ಯಾರೆ ಏನಿಲ್ಲ. ಆವತ್ತು ನಾಲ್ಕ್ ಮೆಟ್ಲು ಇಳಿದು ಕನ್ನಡಕ ತಂದಿದ್ರೆ ಆಗೋದು. ಓದಿದ್ರೆ ಸಿಕ್ಬುಡೋದು ನಂಗೆ. ಸೋಮಾರಿ ಆದೆ. ತಪ್ಪು ನಂದೇ ಕಣ ಮಗ."

ಇನ್ನಷ್ಟು ಸಾರು ಬೇಕೆ ಎಂದು ಕೇಳಿದಳು. ಸಾಕು ಎಂದ. ಮಜ್ಜಿಗೆ ಬೇಕೆ ಎಂದು ಕೇಳಿದಳು. ಬೇಡ ಎಂದ.

ಏಳನೇ ಪುಟವನ್ನು ತಾನು ಓದಿದ್ದೆ, ಅದು ತಪ್ಪೆಂದು ಅವಳು ಸಹಿ ಹಾಕುವ ಮೊದಲೇ ತನಗೆ ಗೊತ್ತಿತ್ತು ಎಂದು ತೋಂಟದಾರ್ಯ ಅವಳಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.